ಇಂಟರ್‌ಫೆರಾನಿನ ನಿದ್ದೆ

ನಿದ್ದೆಯಲ್ಲಿ ಎರಡು ಬಗೆ: ಹಾಸಿಗೆಯದು, ಲೋಕಲ್ ಟ್ರೈನಿನದು. ಮೊದಲನೆಯದು ನನಗೆ ಒಲಿದಿಲ್ಲ. ಎರಡನೆಯದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಥಾಣೆ ಬಿಟ್ಟು ಮುಂಬ್ರಾದ ಖಾಡಿ, ಅಂದರೆ ಕಡಲಿನ ಹಿನ್ನೀರು, ಕಾಣಿಸುವಷ್ಟರಲ್ಲಿ ನನ್ನ ತಲೆ ಪಕ್ಕದವರ ಹೆಗಲ ಮೇಲಿರುತ್ತದೆ. ನನ್ನ ಮನೆಯಿರುವ ಡೋಂಬಿವ್ಲಿಯಲ್ಲಿ ಬಸಣ್ಣ ಮೊಣಕೈಯಿಂದ ತಿವಿದು ನನ್ನನ್ನು ಇಳಿಸುತ್ತಾರೆ. ಕಲಬುರಗಿಯ ಬಸಣ್ಣ ಥಾಣೆಯಲ್ಲಿ ಗಾರೆ ಕೆಲಸ ಮುಗಿಸಿ ಇನ್ನೂ ಮುಂದಿನ ಟಿಟ್ವಾಳಾಕ್ಕೆ ಹೋಗುವವರು.

ನನ್ನ ನೌಕರಿ ನವಿ ಮುಂಬೈಯಲ್ಲಿ, ಸಂಶೋಧಕರಿಗೆ ಪ್ರೋಟೀನು ಒದಗಿಸುವ ಸಣ್ಣ ಕಂಪನಿಯಲ್ಲಿ. ಆ ಸಂಜೆ ಡೋಂಬಿವ್ಲಿಯ ಪ್ರಯೋಗಾಲಯಕ್ಕೆ ಇಂಟರ್‌ಫೆರಾನ್ ಎಂಬ ಪ್ರೋಟೀನು ತಲುಪಿಸಬೇಕಿತ್ತು. ಅಲ್ಲಿ ಮೈಸೂರಿನ ಮೇಡಂ ಒಬ್ಬರು ಜೀವಕೋಶಗಳನ್ನು ಬೆಳೆಸಿಕೊಂಡು ಕಾದಿದ್ದರು. ದಾರಿಯಲ್ಲಿ ಐಸ್ ಕರಗಿದರೆ ಅವರ ವಾರಗಟ್ಟಲೆಯ ಕೆಲಸ ಮಣ್ಣುಪಾಲು. ಥರ್ಮೊಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸಣ್ಣನಿಗೆ ಪ್ರವಚನ ಶುರುಮಾಡಿದೆ. ವೈರಸ್ ಹೊಕ್ಕ ಜೀವಕೋಶ ನೆರೆಹೊರೆಗೆ 'ಬಾಗಿಲು ಹಾಕ್ಕೊಳ್ಳಿ' ಎಂದು ಕೂಗುವುದು ಇದರಿಂದಲೇ. ನಮ್ಮದು ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಮಾಡಿಸಿದ್ದು ಎಂದೆ.

"ಅಂದ್ರ ಇಲ್ಲಿ ಬೆಳದ ನಮ್ಮ ಹುಡುಗ್ರು ಮರಾಠಿ ಮಾತಾಡಿದಂಗ," ಎಂದರು ಬಸಣ್ಣ.

"ಹಾಗೇ ಅನ್ನಿ. ಈಗ ಹೆಪ್ಪುಗಟ್ಟಿ ಮಲಗಿದೆ. ಮಲಗಿದ್ದನ್ನು ಪದೇ ಪದೇ ಎಬ್ಬಿಸಿದರೆ ಶಕ್ತಿ ಹೋಗುತ್ತದೆ." ಮಾತು ಮೇಡಂ ಫೋನಿನಲ್ಲಿ ಹೇಳಿದ್ದು, ಗತ್ತು ಮಾತ್ರ ನನ್ನದು. ಬಸಣ್ಣ ಪೆಟ್ಟಿಗೆಯನ್ನು ಭಕ್ತಿಯಿಂದ ನೋಡಿದರು.

ಮುಚ್ಚಳದ ಮೇಲೆ ಕೆನ್ನೆಯಿಟ್ಟೆ. ಹಾಯೆನಿಸಿತು. ಕನಸಿನಲ್ಲಿ ನಾನೇ ಆ ಪುಟ್ಟ ಸೀಸೆಯೊಳಗಿದ್ದೆ. ಸುತ್ತ ಬಿಳಿ ಮಂಜು. ಬಾಸ್ ಇಲ್ಲ, ಫೋನಿಲ್ಲ, ಬೆಳಗಿನ ಹಾಲಿನವನಿಲ್ಲ. ಮುಂಬ್ರಾದ ಗುಡ್ಡ ಮೆಲ್ಲಗೆ ತೇಲಿಬಂದು ಖಾಡಿಯಲ್ಲಿ ಕಾಲು ಚಾಚಿ ಮಲಗಿತು. ಯಾರೋ ದೂರದಿಂದ 'ಬಾಗಿಲು ಹಾಕ್ಕೊಳ್ಳಿ' ಎಂದು ಕೂಗಿದರು. ಹಾಕಿಕೊಂಡೆ.

ಕಣ್ಣು ಬಿಟ್ಟರೆ ಟಿಟ್ವಾಳಾ! "ಬಸಣ್ಣ, ಎಬ್ಬಿಸಬಾರದಿತ್ತೇ?"

"ನೀವೇ ಅಂದೀರಲ್ರೀ ಸರ, ಎಬ್ಬಸಿದ್ರ ತಾಕತ್ ಹೋಗ್ತದಂತ. ನಿಮಗ ತಿವಿದ್ರ ಪೆಟ್ಟಿಗ್ಯಾಗಿಂದಕ್ಕೂ ಎಚ್ಚರ ಆದೀತಂತ ಸುಮ್ನ ಕುಂತೆ."

ನಿಲ್ದಾಣದ ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರಂಗೆ ಓಡಿದೆ. ವಾಪಸ್ ಟ್ರೈನಿನಲ್ಲಿ ಸೀಟು ಖಾಲಿಯಿದ್ದರೂ ಕೂರಲು ಧೈರ್ಯವಾಗದೆ, ಪೆಟ್ಟಿಗೆಯನ್ನು ಹಸುಗೂಸಿನಂತೆ ಅವಚಿಕೊಂಡು ನಿಂತೇ ಬಂದೆ. ಪ್ರಯೋಗಾಲಯದಲ್ಲಿ ಮೇಡಂ ಮುಚ್ಚಳ ತೆಗೆದು, ಐಸ್ ಪ್ಯಾಕ್ ಒತ್ತಿ ನೋಡಿದರು. "ಗಟ್ಟಿಯಾಗೇ ಇದೆ. ತಡ ಯಾಕಾಯ್ತು?"

"ಟ್ರೈನ್ ಲೇಟ್, ಮೇಡಂ."

ನನ್ನ ಕೆನ್ನೆಯ ಮೇಲೆ ಮೂಡಿದ್ದ ಮುಚ್ಚಳದ ಗೆರೆಯನ್ನು ಅವರು ನಿಧಾನವಾಗಿ ನೋಡಿದರು. "ಅಂತೂ ಇಬ್ಬರಿಗೂ ಚೆನ್ನಾಗಿ ನಿದ್ದೆಯಾಗಿದೆ," ಎಂದರು.

ಈಗ ನನ್ನ ತಲೆ ವಾಲುವ ಮೊದಲೇ ಬಸಣ್ಣ ಇಡೀ ಬೋಗಿಗೆ ಕೇಳುವಂತೆ ವಿಚಾರಿಸುತ್ತಾರೆ: "ಸರ, ಇವತ್ತ ಎಬ್ಬಸಿದ್ರ ನಡೀತದೋ, ಕೆಡ್ತೀರೋ?"