ಅಮ್ಮ ಬಂದಿದ್ದಾರೆ, ಒಳಗೆ ಮಲಗಿದ್ದಾರೆ

ನನಗೊಂದು ಕೆಟ್ಟ ಯೋಗವಿದೆ. ಯಾರಾದರೂ "ನೀವೇನ್ ಕೆಲಸ ಮಾಡ್ತೀರಾ?" ಅಂತ ಕೇಳಿ ನಾನು ಬಾಯಿ ಬಿಟ್ಟರೆ ಸಾಕು, ಎಲ್ಲೋ ಒಂದು ಕಡೆ ಎಡವಟ್ಟು ಆಗಿಯೇ ತೀರುತ್ತದೆ. ನಾನಿರುವುದು ಸಿಂಗಾಪುರದ ವುಡ್‌ಲ್ಯಾಂಡ್ಸಿನಲ್ಲಿ, ಕೆಲಸ ಬ್ಯೂನಾ ವಿಸ್ಟಾದ ಒಂದು ಪ್ರಯೋಗಾಲಯದಲ್ಲಿ, ಸೀತಾಳೆ ಸಿಡುಬಿನ ವೈರಸ್ ಮೇಲೆ. ಚಿಕ್ಕಂದಿನಲ್ಲಿ ಬಂದು ಹೋಯಿತು ಎಂದು ನಾವು ಅಂದುಕೊಳ್ಳುವ ಈ ಮಹಾರಾಯ ನಿಜವಾಗಿ ಹೋಗಿರುವುದೇ ಇಲ್ಲ. ನರಗಳೊಳಗೆ ಸೇರಿಕೊಂಡು ಮುಸುಕೆಳೆದು ಮಲಗಿರುತ್ತಾನೆ. ವಯಸ್ಸಾದ ಮೇಲೆ ಒಂದು ದಿನ ಎದ್ದರೆ ಅದೇ ಸರ್ಪಸುತ್ತು. ಹಾಗೆ ಏಳುವುದಕ್ಕೂ ವಯಸ್ಸಾದವರ ಮರೆವಿನ ಕಾಯಿಲೆಗೂ ನಂಟಿದೆಯೇ ಎಂದು ಎಷ್ಟೋ ಜನ ಹುಡುಕುತ್ತಿದ್ದಾರೆ. ಆ ಹುಡುಕಾಟದಲ್ಲಿ ನಾನೂ ಒಬ್ಬಳು.

ಇಷ್ಟೇ ಆಗಿದ್ದರೆ ಹೊಟ್ಟೆಪಾಡು ಅಂದುಕೊಂಡು ತಣ್ಣಗಿರುತ್ತಿದ್ದೆ. ಆದರೆ ಮೈಸೂರಿನಲ್ಲಿರುವ ನಮ್ಮಮ್ಮ ಈಚೆಗೆ ಫೋನಿನಲ್ಲಿ ಹೇಳಿದ ಸುದ್ದಿಯನ್ನೇ ಮತ್ತೆ ಹೇಳತೊಡಗಿದಳು. ಅಲ್ಲಿಂದ ಶುರುವಾಯಿತು ನೋಡಿ, ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಅವಳನ್ನು ಕರೆಸಿಕೊಂಡು ಸರ್ಪಸುತ್ತಿನ ಲಸಿಕೆ ಹಾಕಿಸಿಯೇ ಕಳಿಸಬೇಕೆಂದು ಹಠ ಹಿಡಿದೆ. ಆ ಲಸಿಕೆಯಿಂದ ಮರೆವೂ ದೂರವಾಗುತ್ತದೆ ಎಂದು ಆಣೆ ಮಾಡಿ ಹೇಳುವಷ್ಟು ನಮಗಿನ್ನೂ ಗೊತ್ತಾಗಿಲ್ಲ. ಆಗಬಹುದೇನೋ ಎಂಬ ಸುಳಿವುಗಳಿವೆ, ಅಷ್ಟೇ. ವಿಜ್ಞಾನಿಗೆ ಅದು ಸಾಲದು, ಮಗಳಿಗೆ ಸಾಕು.

ಭಾಷಣದ ಪರಿಣಾಮ

ಅಮ್ಮ ಬರುವುದಕ್ಕೆ ಸ್ವಲ್ಪ ಮುಂಚೆ ನಮ್ಮ ಕನ್ನಡದವರೆಲ್ಲ ಬ್ಯೂನಾ ವಿಸ್ಟಾದ ಒಂದು ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಸೇರಿದ್ದರು. ಊಟಕ್ಕೆ ಮೊದಲು ವೈರಸ್ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ನಿಲ್ಲಿಸಿದರು. ಬಿಸಿಬೇಳೆಬಾತಿನ ವಾಸನೆ ಬರುತ್ತಿರುವಾಗ ವೈರಸ್ ಯಾರಿಗೆ ಬೇಕು? ಆದರೂ ಉತ್ಸಾಹದಿಂದ ಕೇಳಿದೆ, "ಚಿಕ್ಕಂದಿನಲ್ಲಿ ಯಾರ್‍ಯಾರಿಗೆ ಸೀತಾಳೆ ಸಿಡುಬು ಬಂದಿತ್ತು? ಕೈ ಎತ್ತಿ."

ಸಭೆಯ ಅರ್ಧಕ್ಕರ್ಧ ಕೈ ಮೇಲೆದ್ದವು.

"ಹಾಗಾದ್ರೆ ಅದು ಈಗಲೂ ನಿಮ್ಮೊಳಗಿದೆ" ಅಂದೆ. ಮುಂದಿನ ಸಾಲಿನ ಬ್ಯಾಂಕಿನವರೊಬ್ಬರು ಮೆಲ್ಲಗೆ ಕೈ ಇಳಿಸಿ ಜೇಬಿಗೆ ಹಾಕಿಕೊಂಡರು.

ಭಾಷಣವನ್ನು ಮೈಯೆಲ್ಲ ಕಿವಿಯಾಗಿ ಕೇಳಿದವರು ನಮ್ಮ ಪಕ್ಕದ ಬ್ಲಾಕಿನ ಅಂಕಲ್. ಅವರು ಸೆಲೆಟಾರಿನಲ್ಲಿ ವಿಮಾನ ರಿಪೇರಿ ಮಾಡುವ ಇಂಜಿನಿಯರ್. ವಿಮಾನದೊಳಗೆ ಒಂದು ಸ್ಪ್ಯಾನರ್ ಕೂಡ ಮರೆತು ಬಂದವರಲ್ಲ ಎಂದು ಅವರ ಹೆಂಡತಿಗೆ ಭಾರಿ ಹೆಮ್ಮೆ. ಊಟವಾದ ಮೇಲೆ ನನ್ನ ಕೈ ಕುಲುಕಿ, "ಬಹಳ ಚೆನ್ನಾಗಿತ್ತಮ್ಮ. ಮರೆವಿನ ವಿಷಯ ಹೇಳಿದ್ರಲ್ಲ, ಅದನ್ನ ಜನ್ಮದಲ್ಲಿ ಮರೆಯಲ್ಲ" ಎಂದು ಹೇಳಿ ಹೊರಟರು.

ಅರ್ಧ ಗಂಟೆ ಕಳೆದ ಮೇಲೆ ಅವರ ಹೆಂಡತಿ ಆಂಟಿ ಖಾಲಿ ಪಾತ್ರೆ ಹಿಡಿದುಕೊಂಡು ಬಂದರು. "ನಮ್ಮ ಯಜಮಾನ್ರನ್ನ ನೋಡಿದ್ರಾ? ಕಾರೇ ಕಾಣ್ತಿಲ್ಲ."

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಂಕಲ್‌ದೇ ಫೋನ್. ವುಡ್‌ಲ್ಯಾಂಡ್ಸ್ ತಲುಪಿ, ಮನೆಯ ಬೀಗದ ಕೈ ಹೆಂಡತಿಯ ಬ್ಯಾಗಿನಲ್ಲಿದೆ ಎಂದು ಹೊಳೆದಾಗಲೇ ಅವರಿಗೆ ಹೆಂಡತಿಯ ನೆನಪಾಗಿತ್ತು. ದನಿ ತಗ್ಗಿಸಿ ಬೇಡಿಕೊಂಡರು, "ಅಮ್ಮಾ, ಇದು ವೈರಸ್ಸಿಂದಾನೇ ಆಗಿದ್ದು ಅಂತ ಅವಳಿಗೆ ನೀವೇ ಒಂದು ಮಾತು ಹೇಳಿಬಿಡಿ."

ಇಳಿದ್ರಾ?

ನಮ್ಮಮ್ಮ ವಿಮಾನದಿಂದ ಇಳಿದ ಮರುದಿನ ಭಜನೆಯ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿದೆ: "ಮನೆಗೆ ಅಮ್ಮ ಬಂದಿದ್ದಾರೆ, ಈ ವಾರ ನಾನು ಬರೋದಿಲ್ಲ."

ನಮ್ಮ ಕಡೆ ಸಿಡುಬಿಗೂ ಅಮ್ಮ ಅಂತಲೇ ಅನ್ನುತ್ತಾರೆ. ದೇವಿಯೇ ಮೈಮೇಲೆ ಬಂದಿದ್ದಾಳೆ ಎಂಬ ಭಯಭಕ್ತಿ. ವಾಸಿಯಾದರೆ ಅಮ್ಮ ಇಳಿದಳು ಅನ್ನುವುದು ವಾಡಿಕೆ. ಸಿಡುಬಿನ ವೈರಸ್ಸನ್ನು ದಿನವೂ ಕೈಯಲ್ಲಿ ಹಿಡಿಯುವ ನನಗೆ ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಅದೇ ಪಕ್ಕದ ಬ್ಲಾಕಿನ ಆಂಟಿ ಫೋನ್ ಮಾಡಿದರು.

"ಏನಮ್ಮಾ, ಅಮ್ಮ ಬಂದಿದಾರಂತೆ! ಜಾಸ್ತಿ ಬಂದಿದಾರಾ?"

"ಇಲ್ಲ ಆಂಟಿ, ಒಬ್ಬರೇ."

"ಶುರೂನಲ್ಲಿ ಹಂಗೇ. ಆಮೇಲೆ ನೋಡಿ, ಒಬ್ಬೊಬ್ಬರಾಗಿ ಬರ್ತಾರೆ."

"ಅಯ್ಯೋ ಬೇಡ ಆಂಟಿ, ನಮ್ಮನೇಲಿ ಜಾಗ ಎಲ್ಲಿದೆ?"

"ಸರಿ, ಯಾವಾಗ ಇಳೀಬಹುದು ಅಂತೀರಾ?"

"ಇಳಿದಾಯ್ತಲ್ಲ, ನಿನ್ನೆ ಬೆಳಿಗ್ಗೆನೇ."

"ನಿನ್ನೆ ಬಂದು ನಿನ್ನೇನೇ ಇಳಿದ್ರಾ?"

"ಹೂಂ, ಕರೆಕ್ಟ್ ಟೈಮಿಗೆ. ಇನ್ನೊಂದಷ್ಟು ದಿನ ಇಟ್ಕೊಳ್ಳೋಣ ಅಂತಿದೀನಿ."

ಆ ಕಡೆಯಿಂದ ಗಾಬರಿಯ ದನಿ: "ಇಟ್ಕೋತೀರಾ? ರಿಸರ್ಚಿಗಾ?"

ಸಂಜೆ ಬಾಗಿಲ ಹತ್ತಿರ ಸದ್ದಾಯಿತು. ಆಂಟಿ ಮಾಸ್ಕ್ ಹಾಕಿಕೊಂಡು ಬಂದು, ನಮ್ಮ ಗೇಟಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಎಳನೀರು ಕೆಳಗಿಟ್ಟು, ಓಡಿ ಹೋಗಿ ಲಿಫ್ಟಿನೊಳಗೆ ನಿಂತಿದ್ದರು. ನಮ್ಮಮ್ಮ ಆಗಷ್ಟೇ ಎಣ್ಣೆಸ್ನಾನ ಮುಗಿಸಿದ್ದಳು. ಕೂದಲು ಬಿಟ್ಟುಕೊಂಡು, ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ಬಾಗಿಲು ತೆಗೆದಳು. ಬೇವಿನ ಸೊಪ್ಪನ್ನು ಕೈಗೆತ್ತಿಕೊಂಡು ಆಂಟಿಯನ್ನೇ ನೋಡಿದಳು.

"ನೀ... ನೀವ್ಯಾರು?" ಅಂದರು ಆಂಟಿ.

"ನಾನೇ, ಅಮ್ಮ" ಅಂದಳು ಅಮ್ಮ.

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಫ್ಯಾನ್ ಆಫ್

ನಮ್ಮ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಅಪ್ಪ ಅಮ್ಮ ಕನ್ನಡದವರು, ಅವಳು ಬೆಳೆದದ್ದೆಲ್ಲ ಸಿಂಗಾಪುರದಲ್ಲಿ. ಒಂದು ಭಾನುವಾರ ಅಮ್ಮನ ಕೈಯಡುಗೆ ತಿನ್ನಲು ಬಂದವಳು ತಟ್ಟೆ ಮುಂದಿಟ್ಟುಕೊಂಡು ಗೋಳಾಡಿದಳು. ನಾವು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳೊಳಗೆ ವೈರಸ್ಸನ್ನು ಮಲಗಿಸಿದ್ದೆವು. ಈಗ ಎಬ್ಬಿಸಬೇಕು, ಎದ್ದಾಗ ಅದು ನರಕ್ಕೆ ಏನು ಮಾಡುತ್ತದೆ ಎಂದು ನೋಡಬೇಕು. ಅದು ಏಳುತ್ತಲೇ ಇರಲಿಲ್ಲ. ನನಗಂತೂ ಮೈಕ್ರೋಸ್ಕೋಪಿನ ಮುಂದೆ ಕೂತು ಎದ್ದು, ಕೂತು ಎದ್ದು ಸಾಕಾಗಿತ್ತು.

"ಎಲ್ಲಾ ಟ್ರೈ ಮಾಡಿದ್ವಿ ಆಂಟಿ. ಹೀಟ್ ಕೊಟ್ವಿ, ಕೆಮಿಕಲ್ ಹಾಕಿದ್ವಿ. ಸುಮ್ನೆ ಮಲ್ಕೊಂಡೇ ಇದೆ ಲಾ" ಎಂದು ಸಿಂಗಾಪುರದವರ 'ಲಾ' ಸೇರಿಸಿ ಹೇಳಿದಳು ಹುಡುಗಿ.

ಅಮ್ಮ ತುಪ್ಪ ಬಡಿಸುತ್ತಾ, "ನಮ್ಮ ಯಜಮಾನ್ರೂ ಹಂಗೇ. ಕೂಗಿದ್ರೆ ಏಳಲ್ಲ, ಅಲ್ಲಾಡಿಸಿದ್ರೆ ಏಳಲ್ಲ. ಫ್ಯಾನ್ ಆಫ್ ಮಾಡು, ತಾನಾಗೇ ಎದ್ದು ಕೂತ್ಕೋತಾರೆ" ಅಂದಳು.

ಸೋಮವಾರದ ಮೀಟಿಂಗಿನಲ್ಲಿ ಆ ಹುಡುಗಿ ಎದ್ದು ನಿಂತು, ಗಾಳಿಯಾಡುವುದನ್ನು ನಿಲ್ಲಿಸಿದರೆ ವೈರಸ್ ಏಳಬಹುದು ಎಂದು ಆಂಟಿ ಹೇಳಿದ್ದಾರೆ ಎಂದು ಹೇಳಿಯೇಬಿಟ್ಟಳು. ನಮ್ಮ ಬಾಸ್ ಬಹಳ ಗಂಭೀರ ಮನುಷ್ಯ. ಪೆನ್ನು ತೆಗೆದುಕೊಂಡರು.

"ಯಾವ ಆಂಟಿ?"

"ಮೈಸೂರ್ ಆಂಟಿ."

"ಯಾವುದರ ಮೇಲೆ ಪರೀಕ್ಷೆ ಮಾಡಿದಾರೆ? ಇಲಿಯಾ, ಜೀವಕೋಶವಾ?"

"ಹಸ್ಬೆಂಡ್."

ಬಾಸ್ ಅದನ್ನೂ ಬರೆದುಕೊಂಡರು. "ಒಂದೇ ಸ್ಯಾಂಪಲ್ ಸಾಲದು. ಅವರು ಇನ್ನೂ ಕೆಲವು ಹಸ್ಬೆಂಡ್‌ಗಳ ಮೇಲೆ ಮಾಡಿ ನೋಡಲಿ" ಅಂದರು. ಈ ಸಲಹೆಯನ್ನು ನಾನು ಮೈಸೂರಿನಲ್ಲಿರುವ ಅಪ್ಪನಿಗೆ ತಿಳಿಸಿಲ್ಲ.

ಪರೀಕ್ಷೆ

ಇಷ್ಟೆಲ್ಲ ನಗುವಿನ ನಡುವೆಯೂ ನನ್ನ ಕಣ್ಣು ಅಮ್ಮನ ಮೇಲೇ. ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ಅವಳು ಹುಡುಕಿದರೆ ನಾನೂ ಹಿಂದೆಯೇ ಅಡುಗೆಮನೆಗೆ ಓಡುತ್ತಿದ್ದೆ. ಮಾತಿನ ನಡುವೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡುತ್ತಿದ್ದೆ. "ಇವತ್ತು ಯಾವ ವಾರ ಅಮ್ಮಾ?" "ನಾವಿರೋದು ಎಷ್ಟನೇ ಫ್ಲೋರು?" "ನಿನ್ನೆ ಏನ್ ಹುಳಿ ಮಾಡಿದ್ದೆ?" ಗೊತ್ತಾಗದ ಹಾಗೆ ಎಂದು ನಾನು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅವಳು ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

"ನಾನೊಂದು ಕೇಳ್ತೀನಿ, ನೀನು ಹೇಳು. ನಿಮ್ಮ ಚಿಕ್ಕಜ್ಜಿ ಮೊಮ್ಮಗಳ ಗಂಡನ ಹೆಸರೇನು?"

"ಗೊತ್ತಿಲ್ಲ."

"ಅವರ ಮದುವೇಲಿ ನೀನು ಉಟ್ಟಿದ್ದ ಸೀರೆ ಯಾವ ಬಣ್ಣ?"

"ನಾನು ಹೋಗಿದ್ನಾ?"

ಅಮ್ಮ ಹುರುಳಿಕಾಯಿಗೆ ಮರಳಿದಳು. "ಪಾಪ, ನಿಂಗೆ ಯಾವ ವೈರಸ್ ಎದ್ದಿದೆಯೋ ಏನೋ."

ಇಂಜೆಕ್ಷನ್

ಲಸಿಕೆ ಅಂದರೆ ಮಾತ್ರ ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ನನಗೆ ಅಮ್ಮ ಬಂದಾಗ ನಮ್ಮಜ್ಜಿ ಬೇವಿನ ನೀರು ಹಾಕಿ, ಮೊಸರನ್ನ ಎಡೆ ಇಟ್ಟು ಮರ್ಯಾದೆಯಾಗಿ ಕಳಿಸಿಕೊಟ್ಟಿದ್ರು" ಅಂದಳು.

"ಹೋಗಿಲ್ಲಮ್ಮಾ. ನಿನ್ನ ನರದೊಳಗೇ ಮಲಗಿದಾಳೆ."

"ಇಷ್ಟು ವರ್ಷ ಒಂದು ತೊಂದ್ರೆ ಕೊಡದೆ ಮಲಗಿದಾಳೆ ಅಂದ್ಮೇಲೆ, ಸೂಜಿ ಚುಚ್ಚಿ ಯಾಕೆ ಎಬ್ಬಿಸ್ತೀಯ? ಒಳ್ಳೇ ಬುದ್ಧಿ ನಿಂದು!"

ಅವಳು ಹೊರಡುವ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ, "ಇವತ್ತು ಎಷ್ಟೊತ್ತಿಗೆ ಬರ್ತೀಯ?" ಅಂತ ಕೇಳಿದಳು. ಹೇಳಿದೆ. ಲೋಟ ತೆಗೆದುಕೊಂಡು ಹೋಗಲು ಬಂದವಳು ಮತ್ತೆ ಅದನ್ನೇ ಕೇಳಿದಳು. ನನಗೆ ತಡೆದುಕೊಳ್ಳಲಾಗಲಿಲ್ಲ. "ನೀನು ನನ್ನನ್ನೇ ಮರೆತುಬಿಟ್ರೆ ನಾನೇನಮ್ಮಾ ಮಾಡ್ಲಿ?" ಎಂದು ಜೋರಾಗಿ ಅತ್ತುಬಿಟ್ಟೆ. ನಿಜವಾಗಿ ಭಯವಾಗಿತ್ತು. ಇಷ್ಟು ದಿನ ಸಂಶೋಧನೆ, ಸುಳಿವು ಎಂದೆಲ್ಲ ಹೇಳಿಕೊಂಡು ತಿರುಗಿದ್ದು ಈ ಒಂದು ಭಯಕ್ಕೆ.

ಅಮ್ಮ ಪಕ್ಕದಲ್ಲಿ ಕೂತಳು. ನನ್ನ ಮೂಗು ಒರೆಸಿದಳು. ಆಮೇಲೆ ಕೇಳಿದಳು, "ಅದು ಎಬ್ಬಿಸೋ ಇಂಜೆಕ್ಷನ್ನೋ, ಮಲಗಿಸೋ ಇಂಜೆಕ್ಷನ್ನೋ?"

"ಮಲಗಿಸೋದು. ಅಮ್ಮ ಏಳದಿರಲಿ ಅಂತ ಜೋಗುಳ ಹಾಡಿದ ಹಾಗೆ."

"ಹಂಗಂತ ಮೊದಲೇ ಹೇಳೋಕೇನಾಗಿತ್ತು? ತಾಳು, ಮೊಸರನ್ನ ಕಲಸ್ಕೊಂಡ್ ಬರ್ತೀನಿ."

ಕ್ಲಿನಿಕ್ಕಿನಲ್ಲಿ ಮೊಸರನ್ನದ ಡಬ್ಬಿ ಡಾಕ್ಟರ ಮೇಜಿನ ಮೇಲೆ ಕೂತಿತು. ಡಾಕ್ಟರು ಚೀನೀ ಹುಡುಗ, ಬಹಳ ಸಭ್ಯ. ಆಂಟಿಗೆ ಮುಂಚೆ ಚಿಕನ್‌ಪಾಕ್ಸ್ ಬಂದಿತ್ತಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತನ್ನ ಇಂಗ್ಲಿಷ್ ಶುರು ಮಾಡಿದಳು.

"ಯೆಸ್. ಐ ವಾಸ್ ಸ್ಮಾಲ್. ಅಮ್ಮ ಕೇಮ್. ನಾಟ್ ಗಾನ್. ಸ್ಲೀಪಿಂಗ್ ಇನ್‌ಸೈಡ್."

ಡಾಕ್ಟರು ನನ್ನ ಕಡೆ ತಿರುಗಿ, "ಅಮ್ಮ ಅಂದ್ರೆ?" ಅಂದ.

"ಮದರ್" ಅಂದೆ. ಅಭ್ಯಾಸಬಲ, ಬಾಯಿಗೆ ಬಂದದ್ದೇ ಅದು.

"ಅವರ ತಾಯಿ... ಒಳಗೆ ಮಲಗಿದಾರೆ?"

"ಇನ್‌ಸೈಡ್ ನರ್ವ್" ಎಂದು ಅಮ್ಮ ತಿದ್ದಿದಳು. "ಸೈನ್ಸ್ ಪೀಪಲ್ ಓನ್ಲಿ ಟೋಲ್ಡ್. ದಿಸ್ ಕರ್ಡ್ ರೈಸ್, ಫಾರ್ ಹರ್."

ಡಾಕ್ಟರು ಸಿರಿಂಜ್ ಕೆಳಗಿಟ್ಟ. ದನಿ ಬಹಳ ಮೃದುವಾಯಿತು. ಇವತ್ತು ಯಾವ ವಾರ ಆಂಟಿ? ಇದು ಯಾವ ಊರು? ನಾನು ಮನೆಯಲ್ಲಿ ಕೇಳುತ್ತಿದ್ದ ಅವೇ ಪ್ರಶ್ನೆಗಳು. ಅಮ್ಮ ಪಟಪಟನೆ ಉತ್ತರ ಕೊಟ್ಟಳು, ಆದರೆ ಮುಖ ಗಂಟಾಗುತ್ತಾ ಬಂತು. ಕೊನೆಗೆ ಡಾಕ್ಟರು ನನ್ನನ್ನು ತೋರಿಸಿ ಕೇಳಿದ, "ಆಂಟಿ, ನಿಮ್ಮ ಜೊತೆ ಬಂದಿದಾರಲ್ಲ, ಇವರು ಯಾರು?"

ಅಮ್ಮ ನನ್ನ ಕಡೆ ತಿರುಗಿದಳು. ಮೇಲಿಂದ ಕೆಳಗೆ ನೋಡಿದಳು. ನಾನು ಕುರ್ಚಿಯ ತುದಿಗೆ ಬಂದೆ.

"ಅಮ್ಮ" ಅಂದಳು.

ಡಾಕ್ಟರಿಗೆ ಗಾಬರಿಯಾಯಿತು. "ಒಳಗೆ ಮಲಗಿದಾರೆ ಅಂದ್ರಲ್ಲ, ಆ ಅಮ್ಮ?"

"ಮಲಗಿದ್ರೆ ಒಳ್ಳೇದಿತ್ತು!" ಇಂಗ್ಲಿಷ್ ಸಾಲದೆ ಅಮ್ಮ ಕನ್ನಡಕ್ಕೇ ಇಳಿದಳು. ಆಮೇಲೆ ಪಾಪ, ಅವನಿಗೂ ತಿಳಿಯಲಿ ಎಂದು ಮುಂದುವರಿಸಿದಳು. "ದಿಸ್ ಅಮ್ಮ ನೋ ಸ್ಲೀಪಿಂಗ್. ಮಾರ್ನಿಂಗ್ ಈವ್ನಿಂಗ್ ಆನ್ ಮೈ ಹೆಡ್. ವಾಟ್ ಡೇ, ವಾಟ್ ಫ್ಲೋರ್, ವಾಟ್ ಹುಳಿ. ನೀವು ಕೊಡೋದು ಅಮ್ಮನ್ನ ಮಲಗಿಸೋ ಇಂಜೆಕ್ಷನ್ ತಾನೇ? ಫಸ್ಟ್ ಗಿವ್ ಹರ್."

ಹಾಗೆಂದು ಸೆರಗು ಸರಿಸಿ, ತನ್ನ ತೋಳನ್ನೂ ಮುಂದಕ್ಕೆ ಚಾಚಿದಳು. "ಮಿಕ್ಕಿದ್ರೆ ನನಗೂ ಹಾಕಿ."