ನಡೆಯುತ್ತಾ ಬರೆಸಿದ ವರದಿ

"ನಾಳೆಯಿಂದ ನಾನು ಕುರ್ಚಿ ಮುಟ್ಟಲ್ಲ! ಎಂಟು ಗಂಟೆ ಕೆಲಸಾನೂ ನಡೀತಾನೇ ಮಾಡ್ತೀನಿ. ಒಂದು ವಾರದಲ್ಲಿ ನನ್ನ ಸೊಂಟ ಧ್ವಜಸ್ತಂಭದ ಥರ ನೆಟ್ಟಗಾಗದಿದ್ರೆ ಕೇಳಿ!"

ಭಾನುವಾರ ಸಂಜೆ ಮನೆಯ ಮಹಾಸಭೆಯಲ್ಲಿ ಹೀಗೆ ಘೋಷಿಸಿದವಳು ಚುಕ್ಕಿ. ಸಭೆಯಲ್ಲಿದ್ದವರು ಇಬ್ಬರು. ಗಂಡ ಫೋನ್ ನೋಡುತ್ತಿದ್ದ, ಅತ್ತೆ ಟೀವಿ ನೋಡುತ್ತಿದ್ದರು. ಹೀಗಾಗಿ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು.

ಚುಕ್ಕಿ ಅನ್ನುವುದು ಆಫೀಸಿನವರು ಇಟ್ಟ ಅಡ್ಡಹೆಸರು. ವಿಮೆ ಕಂಪನಿಯೊಂದಕ್ಕೆ ಮನೆಯಿಂದಲೇ ಹಾನಿ ವರದಿ ಬರೆಯುವುದು ಅವಳ ಕೆಲಸ. ಯಾರದೋ ಮನೆಯಲ್ಲಿ ಪೈಪು ಒಡೆಯುತ್ತದೆ, ಯಾರದೋ ಗೋಡೆ ಸುಟ್ಟು ಕಪ್ಪಾಗುತ್ತದೆ. ಸ್ಥಳಕ್ಕೆ ಹೋದವರು ಫೋಟೋ ಕಳಿಸುತ್ತಾರೆ. ಏನು ಹಾಳಾಗಿದೆ, ಎಷ್ಟು ಹಾಳಾಗಿದೆ, ಯಾರ ತಪ್ಪಿನಿಂದ ಹಾಳಾಗಿದೆ ಎಂದು ಇವಳು ಬರೆಯಬೇಕು. ಆರು ವರ್ಷದಲ್ಲಿ ಒಂದೇ ಒಂದು ವಾಕ್ಯದ ಕೊನೆಗೂ ಚುಕ್ಕಿ ಇಡಲು ಮರೆತವಳಲ್ಲ. ಅದಕ್ಕೇ ಆ ಬಿರುದು.

ಆರು ವರ್ಷದ ಇನ್ನೊಂದು ಬಿರುದು ಸೊಂಟನೋವು. ಗಂಡನೂ ಮನೆಯಿಂದಲೇ ದುಡಿಯುವವನು. ಅವನಿಗೆ ಬಾಗಿಲಿರುವ ಕೋಣೆ, ಚಕ್ರವಿರುವ ಕುರ್ಚಿ, ಏಕೆಂದರೆ "ನನಗೆ ಮೀಟಿಂಗ್ ಜಾಸ್ತಿ." ಇವಳಿಗೆ ಊಟದ ಮೇಜು, ಮರದ ಕುರ್ಚಿ, ಏಕೆಂದರೆ "ನಿಂಗೆ ಅಡುಗೆಮನೆ ಹತ್ತಿರ ಆಗುತ್ತೆ." ಎಂಥಾ ಕಾಳಜಿ!

"ದಿನಾ ನೇರವಾಗಿ ನಡೀಬೇಕು, ಬಗ್ಗಬಾರದು," ಎಂದಿದ್ದರು ಡಾಕ್ಟರಮ್ಮ. "ಹೀಗೇ ಬಿಟ್ರೆ ಮುಂದೆ ನಿಮ್ಮನ್ನ ಎಬ್ಬಿಸೋಕೆ ಇಬ್ಬರು ಬೇಕಾಗುತ್ತೆ. ಮನೇಲಿ ಇದ್ದಾರಾ?"

"ಇಬ್ಬರಿದ್ದಾರೆ ಡಾಕ್ಟ್ರೇ. ಆದ್ರೆ ಅವರನ್ನ ಎಬ್ಬಿಸೋಕೆ ನಾಲ್ಕು ಜನ ಬೇಕು."

ನಡೆಯುವುದಕ್ಕೆ ಹೊತ್ತೆಲ್ಲಿಂದ ತರುವುದು? ದಾರಿಯೊಂದಿತ್ತು. ಬಾಯಲ್ಲಿ ಹೇಳಿದ್ದನ್ನೆಲ್ಲ ಫೋನು ತಾನೇ ಅಕ್ಷರ ಮಾಡಿಕೊಳ್ಳುತ್ತದೆ. ಕಿವಿಗೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯೊಳಗೇ ನಡೆಯುತ್ತಾ ವರದಿ ಹೇಳಿದರಾಯಿತು! ಚುಕ್ಕಿ ತನ್ನ ಮೇಲಧಿಕಾರಿಯನ್ನು ಕೇಳಿದಳು. ಆಕೆಯನ್ನು ಆಫೀಸಿನವರೆಲ್ಲ ಬೆನ್ನ ಹಿಂದೆ 'ಕೆಂಪುಪೆನ್ನು' ಎನ್ನುತ್ತಿದ್ದರು.

"ಒಂದು ವಾರ ನೋಡೋಣ," ಎಂದರು ಕೆಂಪುಪೆನ್ನು. "ಒಂದೇ ಒಂದು ವರದಿ ಕೆಟ್ಟರೂ ವಾಪಸ್ ಕುರ್ಚಿಗೆ. ಆಮೇಲೆ ಸೊಂಟ ಗಿಂಟ ಅಂತ ಬರಕೂಡದು."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚುಕ್ಕಿ ಮನೆಯೊಳಗೇ ಶೂ ಕಟ್ಟಿ ನಿಂತಳು.

"ಯಾವ ಯುದ್ಧಕ್ಕಮ್ಮಾ?" ಅತ್ತೆ ಕೇಳಿದರು.

"ಕುರ್ಚಿ ವಿರುದ್ಧ, ಅತ್ತೆ."

ನಡುಮನೆಯಿಂದ ಮಲಗುವ ಕೋಣೆ, ಅಲ್ಲಿಂದ ಬಾಲ್ಕನಿ, ಅಡುಗೆಮನೆ, ಮತ್ತೆ ನಡುಮನೆ. ಒಂದು ಸುತ್ತಿಗೆ ಅರವತ್ತೆರಡು ಹೆಜ್ಜೆ. "ವಿಮೆದಾರರ ಅಡುಗೆಮನೆಯ ಛಾವಣಿಯಲ್ಲಿ ನೀರು ಸೋರಿ ಎರಡು ಅಡಿ ಅಗಲದ ಕಲೆಯಾಗಿದೆ ಚುಕ್ಕಿ," ಎಂದು ಅವಳು ಗಂಭೀರವಾಗಿ ಹೇಳುತ್ತಾ ನಡೆದಳು. ಹೇಳಿಸಿ ಬರೆಸುವಾಗ ಚುಕ್ಕಿಯನ್ನೂ ಬಾಯಲ್ಲೇ ಹೇಳಬೇಕು. ಮೊದಲ ಸುತ್ತು ಸ್ವರ್ಗ!

ಎರಡನೇ ಸುತ್ತಿಗೆ ಅವಳಿಗೊಂದು ಸತ್ಯ ಹೊಳೆಯಿತು. ಕುರ್ಚಿಗೂ ಒಂದು ಪುಣ್ಯವಿತ್ತು. ಕೂತವಳಿಗೆ ಎದುರಿನ ಗೋಡೆಯೊಂದೇ ಕಾಣುತ್ತಿತ್ತು. ನಡೆಯುವವಳಿಗೆ ಇಡೀ ಮನೆ ಕಾಣುತ್ತದೆ!

"ರೀ! ಹಾಸಿಗೆ ಮೇಲೆ ಒದ್ದೆ ಟವೆಲ್ ಬಿದ್ದಿದೆ ಚುಕ್ಕಿ!"

ಮುಚ್ಚಿದ ಬಾಗಿಲ ಹಿಂದಿನಿಂದ ಗಂಡ ಕೂಗಿದ. "ನಡೀತಾನೇ ಇದ್ದೀಯಲ್ಲ, ಹಾಗೇ ಬಾಲ್ಕನೀಲಿ ಒಣಹಾಕ್ಬಿಡು!"

ಬಗ್ಗಿದಳು, ಎತ್ತಿದಳು, ಒಣಹಾಕಿದಳು. ಮುಂದಿನ ಸುತ್ತಿನಲ್ಲಿ ಅತ್ತೆ. "ನಡೀತಾನೇ ಇದ್ದೀಯಲ್ಲ, ಹಾಗೇ ನನ್ನ ಚಪ್ಪಲಿ ಮಂಚದ ಕೆಳಗಿಂದ ತೆಗೆದುಕೊಡಮ್ಮ." ಆಮೇಲೆ ಗಂಡ. "ಹಾಗೇ ನನ್ನ ಚಾರ್ಜರ್." ಅತ್ತೆ. "ಹಾಗೇ ಗಿಡಕ್ಕೆ ನೀರು." ಕೂತಿದ್ದಾಗ ಅವಳಿಗೆ ಕೆಲಸ ಹೇಳಲು ಅವರಿಗೂ ಒಂಚೂರು ಸಂಕೋಚವಿತ್ತು. ಈಗ ಅವಳು ಮನೆಯೊಳಗೆ ಸುತ್ತುವ ಸಾರ್ವಜನಿಕ ಬಸ್ಸು. ಕೈ ಅಡ್ಡ ಹಿಡಿದರೆ ನಿಲ್ಲಬೇಕು!

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು 'ಹಾಗೇ'ಗಳು ಮುಗಿದಿದ್ದವು. ಒಂದೊಂದಕ್ಕೂ ಒಂದೊಂದು ಬಗ್ಗುವಿಕೆ. ಸಿಟ್ಟು ಪಾದದಿಂದ ಮಂಡಿಗೆ, ಮಂಡಿಯಿಂದ ನೆತ್ತಿಗೆ ಏರಿತ್ತು. ಇಯರ್‌ಫೋನಿನ ಸಣ್ಣ ಗುಂಡಿ ಒತ್ತಿದರೆ ಬರವಣಿಗೆ ನಿಲ್ಲುತ್ತಿತ್ತು, ನಿಜ. ಆದರೆ ಸಿಟ್ಟು ಬಂದವಳ ಕೈ ಗುಂಡಿಗೆ ಹೋಗುವುದಿಲ್ಲ, ಸೊಂಟಕ್ಕೆ ಹೋಗುತ್ತದೆ!

ನಾಲ್ಕು ಗಂಟೆಗೆ ವರದಿ ಹೋಗಬೇಕು. ಮೂರೂಮುಕ್ಕಾಲಿಗೆ ಗಂಡ ಕೋಣೆಯಿಂದ ಹೊರಬಿದ್ದು, ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬಂದ. ನಡುಮನೆಯ ಮಧ್ಯೆ ಕಾಫಿ ತುಳುಕಿ ನೆಲಕ್ಕೆ ಬಿತ್ತು. ಅವನು ನಿಂತ. ನೋಡಿದ. ದಾಟಿದ.

"ಇಲ್ಲಿ ಕಾಫಿ ಚೆಲ್ಲಿದೆ, ನೋಡ್ಕೊಂಡು ನಡಿ. ಜಾರಿಗೀರಿಬಿಟ್ಟೀಯ."

"ಚೆಲ್ಲಿದೆಯೋ, ಚೆಲ್ಲಿದ್ದೀರೋ?"

"ಈಗ ಅದಕ್ಕೊಂದು ವಿಚಾರಣೆ ಬೇಕಾ? ನಂಗೆ ಮೀಟಿಂಗ್ ಇದೆ."

"ನಂಗೇನು ಹರಟೆ ಕಾರ್ಯಕ್ರಮಾನಾ? ಹತ್ತೊಂಬತ್ತು ವರ್ಷದಿಂದ ನೋಡ್ತಾ ಇದ್ದೀನಿ, ಈ ಮನೇಲಿ ಎಲ್ಲಾ ತಾನೇ ಚೆಲ್ಲುತ್ತೆ, ತಾನೇ ಬೀಳುತ್ತೆ, ತಾನೇ ಒಡೆಯುತ್ತೆ! ಎತ್ತೋಕೆ ಮಾತ್ರ ನಾನು ಬೇಕು! ಕೆಲಸಕ್ಕೆ ಮುಂಚೆ ಒರೆಸಬೇಕು, ಮುಗಿದ ಮೇಲೆ ಒರೆಸಬೇಕು, ಈಗ ನಡೀತಾನೂ ಒರೆಸಬೇಕು! ನನ್ನ ಬೆನ್ನೇನು ನಿಮ್ಮ ಮನೆ ಸೇತುವೇನಾ? ಚುಕ್ಕಿ!"

"ಚುಕ್ಕೀನಾ? ಅಂದ್ರೆ ಮುಗೀತಾ?" ಎಂದು ಗಂಡ ಬಾಗಿಲು ಹಾಕಿಕೊಂಡ.

ಯಾವ ವರದಿಯನ್ನಾದರೂ ಮೂರು ಸಲ ಓದದೆ ಬಿಡದ ಚುಕ್ಕಿ ಅವತ್ತು ಒಂದು ಸಲವೂ ಓದಲಿಲ್ಲ. ಗುದ್ದುವಂತೆ ಒತ್ತಿ ಕಳಿಸಿಯೇಬಿಟ್ಟಳು. ಸಿಟ್ಟು ಅರ್ಧ ಇಳಿದ ಮೇಲೆ ಕಳಿಸಿದ್ದನ್ನು ತೆರೆದು ನೋಡಿದಳು.

"ಛಾವಣಿಯ ಗಾರೆ ಕಳಚಿದೆ. ರೀ ಹಾಸಿಗೆ ಮೇಲೆ ಒದ್ದೆ ಟವೆಲ್ ಬಿದ್ದಿದೆ. ಮೇಲ್ಮಹಡಿಯ ಪೈಪಿನ ಕೀಲು ಸಡಿಲವಾಗಿದೆ. ಮಂಚದ ಕೆಳಗೆ ಹೋಗೋಕೆ ಚಪ್ಪಲಿಗೇನು ಕಾಲಿದೆಯಾ ಅತ್ತೆ. ಗೋಡೆಯ ಬಣ್ಣ ಉಬ್ಬಿದೆ..."

ಕೊನೆಯಲ್ಲಿ ಆ ಸೇತುವೆ! ಅದರ ಮುಂದೆ ಅಚ್ಚುಕಟ್ಟಾಗಿ ಒಂದು ಚುಕ್ಕಿ.

ಅವಳ ಕಣ್ಣ ಮುಂದೆ ಮರದ ಕುರ್ಚಿ ಬಾಯಿ ತೆರೆದು ನಿಂತಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೆಂಪುಪೆನ್ನು!

"ಮೇಡಂ, ತಪ್ಪಾಯ್ತು, ದಯವಿಟ್ಟು ಕುರ್ಚಿ ಮಾತ್ರ..."

"ಮಾತಾಡ್ಬೇಡಿ, ಕೇಳಿ. ಈ ವರದೀಲಿ ಎರಡು ಮನೆ ಇವೆ. ಮೊದಲನೇ ಮನೆಗೆ ಪರಿಹಾರ ಕೊಡಬಹುದು ಅಂತ ಬರೆದಿದ್ದೀನಿ. ಎರಡನೇ ಮನೆ ಅರ್ಜಿ ತಿರಸ್ಕಾರ."

ಹೆದರಿದ್ದ ಚುಕ್ಕಿಗೆ ಥಟ್ಟನೆ ರೋಷ ಬಂತು. "ಯಾಕೆ ತಿರಸ್ಕಾರ? ಹಾನಿ ಆಗಿಲ್ವಾ?"

"ಆಗಿದೆ. ಆದ್ರೆ ಇದು ಆಕಸ್ಮಿಕ ಅಲ್ಲ. ಹತ್ತೊಂಬತ್ತು ವರ್ಷದಿಂದ ನೋಡ್ತಾ ಇದ್ದೀನಿ ಅಂತ ನೀವೇ ಬರೆಸಿದ್ದೀರಿ. ದೂರು ಯಾವಾಗ ಕೊಡ್ಬೇಕು? ಮೊದಲನೇ ದಿನ! ನೀವೇನು ಮಾಡಿದ್ರಿ? ದಿನಾ ಎತ್ತಿಟ್ಟು, ಮಡಚಿಟ್ಟು, ಒರೆಸಿಟ್ಟು, ಸಾಕ್ಷ್ಯಾನೆಲ್ಲ ನಿಮ್ಮ ಕೈಯಾರೆ ನಾಶ ಮಾಡಿದ್ರಿ. ಯಾವ ವಿಮೆ ಕಂಪನೀರೀ ಇದನ್ನ ಒಪ್ಪುತ್ತೆ?"

ಆರು ವರ್ಷದಿಂದ ಊರವರ ಮನೆಯ ನಿರ್ಲಕ್ಷ್ಯವನ್ನೆಲ್ಲ ಫೋಟೋದಲ್ಲೇ ಹಿಡಿದು ಹಾಕಿದ್ದವಳು ಇದೇ ಚುಕ್ಕಿ!

ಆ ಕಡೆ ಧ್ವನಿ ಸ್ವಲ್ಪ ಮೆತ್ತಗಾಯಿತು. "ನೋಡಿ, ನನ್ನ ಸೊಂಟ ಹೋಗಿದ್ದೂ ಕುರ್ಚಿಯಿಂದ ಅಲ್ಲ, ಹೀಗೇ ಬಗ್ಗಿ ಬಗ್ಗಿ. ನಿಮಗೆ ಇನ್ನೊಂದು ವಾರ ಕೊಡ್ತೀನಿ. ನಡೀರಿ. ಆದ್ರೆ ಬಗ್ಗಕೂಡದು. ಬಿದ್ದದ್ದು ಬಿದ್ದಲ್ಲೇ ಇರ್ಲಿ, ಚೆಲ್ಲಿದ್ದು ಚೆಲ್ಲಿದ ಹಾಗೇ ಒಣಗ್ಲಿ. ಬಗ್ಗಿದ್ರೋ, ಕುರ್ಚಿ! ಒಪ್ಪಿಗೇನಾ?"

"ಒಪ್ಪಿಗೆ ಮೇಡಂ! ನೂರಕ್ಕೆ ನೂರು!" ಎಂದಳು ಚುಕ್ಕಿ. "ಪ್ರಳಯ ಆಗ್ಲಿ, ಇನ್ನು ಈ ಮನೇಲಿ ಯಾರು ಏನೇ ಬೀಳಿಸ್ಲಿ, ಈ ಬೆನ್ನು ಬಗ್ಗಲ್ಲ!"

"ಭೇಷ್! ಅಲ್ಲ, ಯಾಕೆ ಏದುಸಿರು ಬಿಡ್ತಾ ಇದ್ದೀರಿ? ನೆಟ್ಟಗೆ ನಿಂತಿದ್ದೀರಿ ತಾನೆ?"

ಚುಕ್ಕಿ ತನ್ನನ್ನು ತಾನು ನೋಡಿಕೊಂಡಳು. ಎರಡೂ ಮಂಡಿ ನೆಲದ ಮೇಲಿದ್ದವು. ಬಲಗೈಯಲ್ಲಿ ಒರೆಸುವ ಬಟ್ಟೆಯಿತ್ತು. ಯಾವಾಗ ಹೋಗಿ ತಂದಳೋ ಅವಳಿಗೇ ನೆನಪಿಲ್ಲ. ಕಾಫಿಯ ಕಲೆ ಆಗಲೇ ಮುಕ್ಕಾಲು ಪಾಲು ಮಾಯವಾಗಿತ್ತು.