ಟೆಕ್ ಪಾರ್ಕಿಗೆ ಒಂದು ಟೆಂಪೋ ಜನ

ಹಂಪಯ್ಯನ ಆ ದಿನ ಕೆಟ್ಟದ್ದು ಎರಡೇ ಮಾತಿನಿಂದ. ಕೋಳಿ ಕೂಗುವ ಹೊತ್ತಿಗೆ ಫೋನು ಮಾಡಿದ ಬೀರೇಶ, "ಹಂಪಣ್ಣ, ಜನ ಬೇಕು" ಅಂದ. ಯಾಕೆ ಎಂದು ಕೇಳುವ ಬದಲು ಹಂಪಯ್ಯ, "ಎಷ್ಟು?" ಅಂದುಬಿಟ್ಟ.

ಅವನ ಕಸುಬೇ ಅಂಥದು. ಪೋತ್ನಾಳದಲ್ಲಿ ಜನ ತುಂಬಿಸುವ ಕೆಲಸಕ್ಕೆ ಹಂಪಯ್ಯನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಬೆಂಗಳೂರಿನ ಸಿಮೆಂಟು ಕೆಲಸಕ್ಕೆ ಬಸ್ಸು ತುಂಬಿಸುವವನು ಅವನೇ, ರಾಯಚೂರಿನ ಸಭೆಗಳಿಗೆ ಟೆಂಪೋ ತುಂಬಿಸುವವನೂ ಅವನೇ. ಯಾವ ಪಕ್ಷವೆಂದು ನೋಡುತ್ತಿರಲಿಲ್ಲ. ಮುಂಜಾನೆ ಒಬ್ಬರಿಗೆ ಜಯಕಾರ ಹಾಕಿದ ಜನರಿಂದಲೇ ಸಂಜೆ ಅವರ ಎದುರಾಳಿಗೂ ಹಾಕಿಸಿದ್ದ. ನಡುವೆ ಶಾಲು ಬದಲಿಸುವಷ್ಟು ಹೊತ್ತು ಸಿಕ್ಕರೆ ಸಾಕಾಗಿತ್ತು.

ಬೀರೇಶ ದೋಆಬ್ ಟೆಕ್ ಪಾರ್ಕಿನ ಮ್ಯಾನೇಜರು. ರಾಯಚೂರಿನ ಹೊರಗೆ, ಮಾನ್ವಿ ರಸ್ತೆಯ ಬದಿ, ಜಾಲಿಮುಳ್ಳಿನ ನಡುವೆ ಹೈದರಾಬಾದಿನ ಮಾಲೀಕರೊಬ್ಬರು ಎಬ್ಬಿಸಿದ ಗಾಜಿನ ಕಟ್ಟಡ ಅದು. ಹೆಸರಿಗೆ ಪಾರ್ಕು, ಒಂದು ಹೂವಿನ ಗಿಡ ಇಲ್ಲ. ವಿದೇಶಿ ಕಂಪನಿಗಳು ಸಾಲುಗಟ್ಟಿ ಬರುತ್ತವೆ ಎಂದು ರಸ್ತೆಗೆ ದೊಡ್ಡ ಬೋರ್ಡು ಹಾಕಿದ್ದರು. ಬಂದದ್ದು ಪಾರಿವಾಳಗಳು. ಈ ಬಿಸಿಲಿನ ಸೀಮೆಯಲ್ಲಿ ಗಾಜಿನ ಮನೆ ಕಟ್ಟುವ ಬುದ್ಧಿ ಯಾರಿಗೆ ಬಂತೋ, ಅವನನ್ನು ಒಂದು ಮಧ್ಯಾಹ್ನ ಅದರೊಳಗೆ ಕೂಡಿಹಾಕಬೇಕಾಗಿತ್ತು.

"ಇವತ್ತು ಫಾರಿನ್ ಕಂಪನಿಯವರು ನೋಡಾಕ ಬರಾಕತ್ತಾರ," ಎಂದ ಬೀರೇಶ. "ಕಟ್ಟಡ ಖಾಲಿ ಕಂಡ್ರ ಯಾರು ಒಳಗ ಬರ್ತಾರ? ಮಂದಿ ಇಲ್ಲದ ಖಾನಾವಳ್ಯಾಗ ನೀನು ಊಟಕ್ಕ ಕುಂದರ್ತಿಯೇನು?"

"ಇಲ್ರಿ. ಶಾಲು ಯಾವ ಬಣ್ಣದವು ತರ್ಲಿ?"

"ಶಾಲು ತಗೊಂಡು ಒಲಿಗೆ ಹಾಕು. ಇಂಜಿನಿಯರ್ ಇದ್ದಂಗ ಕಾಣೋ ಹುಡುಗ್ರು ಬೇಕು. ಕಂಪ್ಯೂಟರ್ ಮುಂದ ಕುಂತು ಕೆಲಸ ಮಾಡಿದಂಗ ಮಾಡಬೇಕು. ಕಂಪನಿ ಬಂತಂದ್ರ ಮೊದಲನೇ ನೌಕರಿ ನಿನ್ನ ಮಗಳಿಗೆ. ಇದು ನನ್ನ ಮಾತು."

ಆ ಕೊನೆಯ ಮಾತಿಗೆ ಹಂಪಯ್ಯ ಹಾಸಿಗೆಯಿಂದ ಎದ್ದು ನಿಂತ.

ಮಗಳು ವಿಶಾಖಾ ರಾಯಚೂರಿನಲ್ಲಿ ಕಂಪ್ಯೂಟರ್ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಳು. ಈಗ ಹೊಸೂರಿನ ಕಡೆಯ ಒಂದು ಫೋನಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ದಿನವಿಡೀ ನಿಂತು ಮಾಡುವ ಕೆಲಸ, ರಾತ್ರಿ ಪಾಳಿ, ಒಂದು ಕೋಣೆಯಲ್ಲಿ ಹತ್ತಾರು ಹುಡುಗಿಯರು. ಮರುದಿನವೇ ಬಸ್ಸು. ಆ ಬಸ್ಸಿಗೆ ಮಾನ್ವಿ, ದೇವದುರ್ಗದ ಹುಡುಗಿಯರನ್ನು ಕೂಡಿಸಿ ಹತ್ತಿಸುವ ಕೆಲಸವೂ ಹಂಪಯ್ಯನದೇ. ಇಷ್ಟು ವರ್ಷ ಊರವರ ಮಕ್ಕಳನ್ನು ಹತ್ತಿಸುವಾಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಈ ವಾರ ಮಾತ್ರ ತಟ್ಟೆಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

"ಮಂದಿ ಮಕ್ಕಳನ್ನ ಹತ್ತಿಸುವಾಗ 'ದುಡೀಲಿ ಬಿಡವ್ವ' ಅಂತಿದ್ದಿ," ಎಂದಳು ಹೆಂಡತಿ ಪಾರ್ವತೆಮ್ಮ. "ಈಗ ನಿನ್ನ ಬಾಗಿಲಿಗೆ ಬಂತಲ್ಲ. ಹೋಗು, ಆ ಕಂಪನೀನ ಕಾಲು ಹಿಡಿದಾದ್ರೂ ಕರ್ಕೊಂಡು ಬಾ."

ಹಂಪಯ್ಯ ಓಣಿ ಓಣಿ ಸುತ್ತಿದ. ಇಂಜಿನಿಯರ್ ಹಾಗೆ ಕಾಣುವ ಹುಡುಗ ಊರಲ್ಲಿ ಒಬ್ಬನೂ ಇರಲಿಲ್ಲ. ಅಂಥವರನ್ನೆಲ್ಲ ಹಂಪಯ್ಯನೇ ಬೆಂಗಳೂರಿಗೆ ಕಳಿಸಿಬಿಟ್ಟಿದ್ದ. ಉಳಿದ ಹರೆಯದವರು ಭತ್ತದ ಗದ್ದೆಯಲ್ಲಿದ್ದರು. ಸಿಕ್ಕಿದ್ದು ಸಭೆಗಳಿಗೆ ಹೋಗಿ ಪಳಗಿದ ಹಳೆಯ ಪಡೆ. ಅದರ ಮುಂದಾಳು ಭೀಮವ್ವ. ಹಲ್ಲು ಹೋಗಿದ್ದವು, ಗಂಟಲು ಹೋಗಿರಲಿಲ್ಲ.

"ಯಾವ ಪಾರ್ಟಿದೋ ಹಂಪ್ಯಾ?" ಎಂದಳು ಭೀಮವ್ವ, ಟೆಂಪೋ ಹತ್ತುತ್ತಾ.

"ಪಾರ್ಟಿ ಅಲ್ಲ ಯವ್ವಾ, ಕಂಪನಿ."

"ಏನರ ಇರ್ಲಿ. ಊಟದ ಪೊಟ್ಟಣ ಅದನೋ ಇಲ್ಲೋ?"

"ಅದ."

"ಉಪ್ಪಿಟ್ಟೋ, ಪಲಾವೋ?"

"ಪಲಾವ್."

"ಹಂಗಾದ್ರ ದೊಡ್ಡ ಪಾರ್ಟೀನ ಇರಬೇಕು," ಎಂದು ಭೀಮವ್ವ ಮುಂದಿನ ಸೀಟು ಹಿಡಿದಳು.

ಟೆಂಪೋ ಪೀರಾ ಸಾಬನದು. ಸಭೆಗಳಲ್ಲಿ ಮೊದಲ ಘೋಷಣೆ ಎತ್ತಿ ಕೊಡುವ ಕೆಲಸವೂ ಅವನದೇ. ಅವನು ಹಂಪಯ್ಯನ ಕಿವಿಯಲ್ಲಿ, "ಹೆಸರು ಯಾರದು ಕೂಗಲಿ?" ಎಂದು ಕೇಳಿದ. ಹಂಪಯ್ಯನಿಗೆ ಮಗಳದೇ ಚಿಂತೆ. "ಅಲ್ಲಿ ಹೋಗಿ ನೋಡೂಣು" ಎಂದುಬಿಟ್ಟ. ಕೂಗುವುದೇ ಬೇಡ ಎಂದು ಹೇಳಬೇಕಾಗಿತ್ತು.

ಪಾರ್ಕಿನ ಬಾಗಿಲಲ್ಲಿ ಟೆಂಪೋದಿಂದ ಇಳಿಯುವವರನ್ನು ನೋಡಿ ಬೀರೇಶನ ಮುಖ ಹುಣಸೆಹಣ್ಣು ಕಚ್ಚಿದವರ ಹಾಗಾಯಿತು.

"ಇಂಜಿನಿಯರ್ ತಾ ಅಂದ್ರ ವೃದ್ಧಾಶ್ರಮ ಇಳಿಸಾಕತ್ತಿಯಲ್ಲೋ!"

"ಸೀನಿಯರ್ ಇಂಜಿನಿಯರ್ ಅಂತ ಹೇಳ್ರಿ," ಎಂದ ಹಂಪಯ್ಯ.

ಬೇರೆ ಜನ ತರಿಸಲು ಹೊತ್ತಿರಲಿಲ್ಲ. ಬೀರೇಶ ಹಲ್ಲು ಕಡಿಯುತ್ತ ಎಲ್ಲರ ಕೊರಳಿಗೂ ಗುರುತಿನ ಚೀಟಿ ಹಾಕಿಸಿದ. ಹಂಪಯ್ಯನ ಕೊರಳಿಗೆ ಎಚ್.ಆರ್. ಮ್ಯಾನೇಜರ್ ಎಂಬ ಚೀಟಿ ಬಿತ್ತು. ಹಾಗೆಂದರೇನು ಎಂದು ಕೇಳಿದರೆ ಬೀರೇಶ, "ಜನ ತರೋನಿಗೆ ಕಂಪನ್ಯಾಗ ಹಂಗ ಅಂತಾರ" ಎಂದ. ಮಾಡುವ ಕೆಲಸಕ್ಕೆ ಇಷ್ಟು ಗೌರವದ ಹೆಸರಿದೆ ಎಂದು ಹಂಪಯ್ಯನಿಗೆ ಗೊತ್ತೇ ಇರಲಿಲ್ಲ.

ಬಾಡಿಗೆಗೆ ತಂದ ಕಂಪ್ಯೂಟರುಗಳು ಸಾಲಾಗಿದ್ದವು. ವೈರು ಯಾವುದಕ್ಕೂ ಇರಲಿಲ್ಲ. ಅಪ್ಪನ ಜೊತೆ ಬಂದಿದ್ದ ವಿಶಾಖಾ ಒಬ್ಬೊಬ್ಬರ ಬೆರಳು ಹಿಡಿದು ಕೀಲಿಗಳ ಮೇಲೆ ಇಡಿಸಿದಳು.

"ಅಕ್ಕ್ಯಾಗ ಹಳ್ಳು ಆರಿಸಿದಂಗ ಮಾಡಬೇಕ್ರಬೇ, ಹಗುರಕ," ಎಂದಳು.

"ಅಷ್ಟೇನಾ? ಇದಕ್ಕ ಕಾಲೇಜು ಓದಬೇಕಾತೇನು ನೀನು?" ಎಂದಳು ಭೀಮವ್ವ.

ವಿಶಾಖಾಗೆ ನಗು ಬರಲಿಲ್ಲ. ಅಪ್ಪನನ್ನು ಬದಿಗೆ ಕರೆದು, "ಯಪ್ಪಾ, ಇದೆಲ್ಲ ಸುಳ್ಳಲ್ಲೇನು?" ಎಂದಳು.

"ಸುಳ್ಳು ಇವತ್ತೊಂದಿನ ಅಷ್ಟ. ಅವರು ಖರೇ ಮಂದಿ. ಅವರು ಬಂದ್ರಂದ್ರ ಇದೂ ಖರೇ ಆಗ್ತದ ತಾಯಿ."

ಆ ದಿನಕ್ಕೆಂದೇ ತರಿಸಿದ ಜನರೇಟರು ಗುಡುಗಿ ಎ.ಸಿ. ಶುರುವಾಯಿತು. ಹುಟ್ಟಿದಾಗಿನಿಂದ ಬಿಸಿಲು ಹೊತ್ತ ಮೈಗಳಿಗೆ ಅಂಥ ತಂಪು ತಗುಲಿದ್ದೇ, ಸೀನಿಯರ್ ಇಂಜಿನಿಯರುಗಳು ಒಬ್ಬೊಬ್ಬರಾಗಿ ಸೆರಗು, ಟವೆಲ್ಲು ಹೊದ್ದು ಮೇಜಿನ ಮೇಲೆ ತಲೆಯಿಟ್ಟರು. ಹಂಪಯ್ಯ ಈ ಸಾಲಿನವರನ್ನು ಎಬ್ಬಿಸಿದರೆ ಆ ಸಾಲಿನವರು ಮಲಗುತ್ತಿದ್ದರು.

ಅಷ್ಟರಲ್ಲಿ ಕಾರು ಬಂತು. ಕೋಟು ಹಾಕಿದ ಮೂವರು ವಿದೇಶಿಯರು ಇಳಿದರು. ಅವರ ಹಿಂದೆ ಹೈದರಾಬಾದಿನ ಒಬ್ಬ ದಲ್ಲಾಳಿ, ಒಬ್ಬ ಕ್ಯಾಮೆರಾದವನು. ಕಾರಿನ ಬಾಗಿಲ ಸದ್ದಿಗೆ ಮಲಗಿದ್ದವರೆಲ್ಲ ಒಮ್ಮೆಗೇ ಎಚ್ಚರಾಗಿ ಎದ್ದು ನಿಂತರು. ಸಭೆಗಳಲ್ಲಿ ಕಲಿತ ಶಿಸ್ತು ಅದು. ಪೀರಾ ಸಾಬ್ ಬಾಗಿಲ ಬಳಿಯಿಂದ ಕೈ ಎತ್ತಿದ.

"ಫಾರಿನ್ ಕಂಪನಿಗೇ..."

"ಜಯವಾಗಲಿ!"

ಗಾಜು ನಡುಗಿತು. ಮೇಲಿನ ಪಾರಿವಾಳಗಳು ಹಾರಿದವು. ವಿದೇಶಿಯರು ಬೆದರಿ ಒಂದು ಹೆಜ್ಜೆ ಹಿಂದೆ ಸರಿದರು. ಬೀರೇಶ ಬೆವರು ಒರೆಸಿಕೊಳ್ಳುತ್ತಾ, ಕೆಲಸದ ನಡುವೆ ಹೀಗೆ ಪ್ರಾರ್ಥನೆ ಮಾಡುವುದು ಇಲ್ಲಿಯ ಪದ್ಧತಿ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಮೂವರಲ್ಲಿ ಎತ್ತರದ ಒಬ್ಬ ತರುಣ ಸಾಲುಗಳ ನಡುವೆ ನಡೆದು ಬಂದು ಭೀಮವ್ವನ ಮುಂದೆ ನಿಂತ. ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಯಾವ ಕೆಲಸ ಮಾಡಾಕತ್ತೀರಿ ಅಂತ ಕೇಳ್ತಾರ," ಎಂದ ಬೀರೇಶ.

ಕೋಟು ಹಾಕಿದವರು ಮುಂದೆ ನಿಂತು ಕೇಳಿದರೆ ಏನು ಹೇಳಬೇಕು ಎಂಬುದು ಭೀಮವ್ವನಿಗೆ ಬಾಯಿಪಾಠವಾಗಿತ್ತು. ಅವಳು ಕೈ ಮುಗಿದಳು. "ಏನ್ ಹೇಳ್ಲ್ಯೋ ಯಪ್ಪಾ, ಪಿಂಚಣಿ ನಿಂತು ಬಾಳ ದಿನ ಆತು. ಮನಿ ಮುಂದ ಗಟಾರ ಕಟ್ಕೊಂಡು ಹೊಲಸು ನೀರು ಒಳಗ ಬರಾಕತ್ತದ. ಯಾರಿಗೆ ಹೇಳಿದ್ರೂ ನೋಡೂಣು ಅಂತಾರ. ನೀನರ ಒಂದು ದಾರಿ ಮಾಡು."

ಬೀರೇಶ ಒಂದು ಉಸಿರು ಎಳೆದುಕೊಂಡ. ಪೈಪ್‌ಲೈನಿನಲ್ಲಿ ಒಂದು ತೊಂದರೆಯಿದೆ, ಮೇಲಿನವರಿಗೆ ತಿಳಿಸಿದ್ದಾರೆ, ಬೇಗ ಪರಿಹರಿಸುತ್ತಾರೆ ಎಂದು ಅನುವಾದಿಸಿದ. ತರುಣ ಗಂಭೀರವಾಗಿ ತಲೆಯಾಡಿಸಿ ಭೀಮವ್ವನ ಕೈ ಹಿಡಿದು ಕುಲುಕಿದ. ಕ್ಯಾಮೆರಾದವನು ಅದನ್ನು ಎರಡು ಸಲ ತೆಗೆದ.

ಹಂಪಯ್ಯನಿಗೆ ಜೀವ ಬಂದಂತಾಯಿತು. ಇನ್ನು ಬೀರೇಶನ ಭಾಷಣ ಒಂದು ಉಳಿದಿತ್ತು. ಬೀರೇಶ ಮೈಕು ಹಿಡಿದು, ದೋಆಬ್ ಟೆಕ್ ಪಾರ್ಕ್ ಜಗತ್ತನ್ನೇ ಕೈಬೀಸಿ ಕರೆಯುತ್ತಿದೆ ಎನ್ನುವಾಗ ಅಂಗಳದಲ್ಲಿ ಒಂದು ಗಾಡಿ ನಿಂತಿತು. ಗಾಡಿಯಿಂದ ಪಲಾವಿನ ಪೊಟ್ಟಣಗಳನ್ನು ಇಳಿಸತೊಡಗಿದರು. ಗಾಜಿನ ಗೋಡೆಯಲ್ಲಿ ಹೊರಗಿನದೆಲ್ಲ ಒಳಗಿನವರಿಗೆ ಕಾಣುತ್ತದೆ. ಪೊಟ್ಟಣ ಕಂಡ ಮೇಲೆ ಭಾಷಣ ಮುಗಿದಂತೆ ಎಂಬುದು ಎಲ್ಲ ಸಭೆಗಳ ನಿಯಮ. ಕುರಿಹಟ್ಟಿಯ ಬೇಲಿ ತೆಗೆದಂತೆ ಇಡೀ ಸಿಬ್ಬಂದಿ ಎದ್ದು ಹೊರಗೆ ನಡೆಯಿತು. ಹಂಪಯ್ಯ ಬಾಗಿಲಿಗೆ ಅಡ್ಡ ನಿಂತ.

"ಯವ್ವಾ, ಸ್ವಲ್ಪ ತಡಿಯಬೇ! ನಿನ್ನ ಕಾಲಿಗೆ ಬೀಳ್ತೀನಿ!"

"ಕಾಲಿಗೆ ಆಮ್ಯಾಲ ಬೀಳುವಂತಿ, ಪಲಾವ್ ಆರ್ತದ," ಎಂದು ಭೀಮವ್ವ ಅವನ ಕಂಕುಳ ಕೆಳಗಿನಿಂದ ನುಸುಳಿದಳು.

ಖಾಲಿ ಕುರ್ಚಿಗಳ ಮುಂದೆ ಮೈಕು ಹಿಡಿದು ನಿಂತಿದ್ದ ಬೀರೇಶ ಮೈಕು ಕೆಳಗಿಟ್ಟು ಬಂದು ಹಂಪಯ್ಯನ ಅಂಗಿ ಹಿಡಿದ.

"ಮಾನ ಕಳೆದಿಯಲ್ಲೋ! ನೌಕರಿ ಅಂತ ನಿನ್ನ ಮಗಳನ್ನ ಕರ್ಕೊಂಡು ಇನ್ನೊಮ್ಮೆ ಇತ್ತಾಗ ಬಂದಿ ಅಂದ್ರ ನೋಡು!"

ಹಂಪಯ್ಯ ಅಂಗಿ ಬಿಡಿಸಿಕೊಂಡ. ಇಷ್ಟು ವರ್ಷ ಎಷ್ಟೋ ದೊಡ್ಡವರಿಗೆ ಜನ ತುಂಬಿಸಿ ಕೊಟ್ಟಿದ್ದ. ಯಾರ ಮುಂದೆಯೂ ತನಗಾಗಿ ಬಾಯಿ ತೆರೆದವನಲ್ಲ. ಈಗ ಬೇರೆ ದಾರಿ ಇರಲಿಲ್ಲ. ನಡುವಿನವರನ್ನು ಬಿಟ್ಟು ಕಂಪನಿಯವರನ್ನೇ ಕೇಳುವುದು ಎಂದು ಗಟ್ಟಿ ಮಾಡಿಕೊಂಡು, ವಿಶಾಖಾಳನ್ನು ಹಿಂದೆ ಬರಹೇಳಿ ಹೊರಟ.

ದಲ್ಲಾಳಿ ಇಬ್ಬರು ವಿದೇಶಿಯರನ್ನು ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಸುತ್ತಿದ್ದ. ಎತ್ತರದ ತರುಣ ಮಾತ್ರ ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಟೈ ಸಡಿಲ ಮಾಡಿಕೊಂಡು ಒಬ್ಬನೇ ಕೂತಿದ್ದ. ಹಂಪಯ್ಯ ಮಗಳನ್ನು ಗೋಡೆಯ ಮೂಲೆಯಲ್ಲಿ ನಿಲ್ಲಿಸಿ, ಅವನ ಮುಂದೆ ಹೋಗಿ ಕೈ ಮುಗಿದ.

ಅವನು ಬಾಯಿ ತೆರೆಯುವ ಮೊದಲೇ ತರುಣ ಕೇಳಿದ: "ಚಾಚಾ, ಪೀನೇ ಕಾ ಪಾನಿ ಕಿಧರ್ ಹೈ?"

ಅಪ್ಪಟ ಹೈದರಾಬಾದಿನ ಉರ್ದು. ಮಾತಾಡಿದವರು ಬೇರೆ ಯಾರೋ ಎಂದು ಹಂಪಯ್ಯ ಹಿಂದೆ ತಿರುಗಿ ನೋಡಿದ. ಮೂಲೆಯ ಮಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ನಳ ತೋರಿಸಿದ. ತರುಣ ಬೊಗಸೆ ಬೊಗಸೆ ನೀರು ಕುಡಿದ. ಪೀರಾ ಸಾಬನ ಜೊತೆ ತಿರುಗಿ ಕಲಿತ ಉರ್ದುವಿನಲ್ಲಿ ಹಂಪಯ್ಯ, "ಸಾಹೇಬ್ರೇ, ನನ್ನ ಮಗಳೊಬ್ಬಳಿದ್ದಾಳೆ" ಎಂದು ಮತ್ತೆ ಕೈ ಮುಗಿದು ಶುರು ಮಾಡಿದ.

"ನಾನು ಸಾಹೇಬನಲ್ಲ ಚಾಚಾ," ಎಂದ ತರುಣ, ದಲ್ಲಾಳಿ ಇದ್ದ ಕಡೆ ಒಮ್ಮೆ ನೋಡಿ. "ಅವನಿಗೆ ಹೇಳಬೇಡಿ."

ತನ್ನ ದೇಶದ ಹೆಸರು ಹೇಳಿದ, ಹಂಪಯ್ಯನಿಗೆ ಅದು ತಿಳಿಯಲಿಲ್ಲ. ಓದಲೆಂದು ಹೈದರಾಬಾದಿಗೆ ಬಂದವನಂತೆ. ಓದು ಮುಗಿದಿದೆ, ಕೆಲಸವಿಲ್ಲ. ವಿದೇಶಿ ಮುಖ ಬೇಕಾದಲ್ಲಿಗೆ ಈ ದಲ್ಲಾಳಿ ಅವನಂಥವರಿಗೆ ಕೋಟು ತೊಡಿಸಿ ಒಯ್ಯುತ್ತಾನಂತೆ. ಇವತ್ತು ಕರೆಸಿದ್ದು ಈ ಪಾರ್ಕಿನ ಮಾಲೀಕರೇ. ಫೋಟೋ ಪೇಪರಿನಲ್ಲಿ ಬಂದರೆ ಸುತ್ತಲಿನ ಪ್ಲಾಟುಗಳಿಗೆ ಗಿರಾಕಿ ಬರುತ್ತಾರಂತೆ. ಆ ಇಬ್ಬರೂ ಹಾಗೇ ಬಂದವರು. ಕಂಪನಿಯೂ ಇಲ್ಲ, ಏನೂ ಇಲ್ಲ. ಊಟ ಕೊಡುತ್ತೇವೆ ಎಂದಿದ್ದರು, ಅದನ್ನು ಇಲ್ಲಿಯ ಇಂಜಿನಿಯರುಗಳು ಮುಗಿಸಿಬಿಟ್ಟರು.

ಹಂಪಯ್ಯನ ಕೈ ಮುಗಿದದ್ದು ಮುಗಿದ ಹಾಗೆಯೇ ಇತ್ತು.

"ಆದರೆ ನಿಮ್ಮದು ನಿಜವಾದ ಕಂಪನಿ, ನಾನು ಕಣ್ಣಾರೆ ನೋಡಿದೆ," ಎಂದ ತರುಣ. "ಇಷ್ಟು ವಯಸ್ಸಾದವರಿಗೂ ಕೆಲಸ ಕೊಟ್ಟಿದ್ದೀರಿ. ದಣಿದು ಮಲಗಿದರೆ ಬೈಯುವವರಿಲ್ಲ. ಹಸಿವಾದರೆ ಎದ್ದು ಹೋಗಿ ಉಣ್ಣುತ್ತಾರೆ. ಇಂಥ ಆಫೀಸು ನಾನು ಎಲ್ಲೂ ನೋಡಿಲ್ಲ. ನೀವು ಇಲ್ಲಿಯ ಎಚ್.ಆರ್. ಅಲ್ಲವೇ ಚಾಚಾ?" ಅವನು ಮುಂದೆ ಬಂದು ಹಂಪಯ್ಯನ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

ದೂರದಿಂದ ಅಷ್ಟನ್ನೇ ನೋಡಿದ ವಿಶಾಖಾ ತಡೆಯಲಾರದೆ ಓಡಿ ಬಂದಳು. ಮುಖ ಅರಳಿತ್ತು.

"ಯಪ್ಪಾ, ಏನಂತಾರ? ನೌಕರಿ ಕೊಡ್ತಾರಂತೇನು?"

ಹಂಪಯ್ಯ ಕೈ ಬಿಡಿಸಿಕೊಳ್ಳಲಿಲ್ಲ.

"ಇಲ್ಲ ತಾಯಿ," ಎಂದ. "ಕೇಳಾಕತ್ತಾನ."